ತೀರ್ಪುಗಾರರ ನಿರ್ಗಮನ: ಸಮುದಾಯ ಕ್ರೀಡೆಯಲ್ಲಿ ನಿಂದನೆ, ಗೌರವ ಮತ್ತು ಸಂಸ್ಥೆಗಳ ಹೊಣೆ

ಸಮುದಾಯ ಕ್ರೀಡೆ ಎಂದರೆ ಸಂಬಳ ಪಡೆಯುವ ಆಟಗಾರರು, ಟೆಲಿವಿಷನ್ ಪ್ರಸಾರ, ಟಿಕೆಟ್ ಕೊಂಡು ಬರುವ ಪ್ರೇಕ್ಷಕರು ಇರುವ ವೃತ್ತಿಪರ ಲೀಗುಗಳ ಆಚೆಗೆ, ರಜೆಯ ದಿನಗಳಲ್ಲಿ ಊರ ಬಯಲಿನಲ್ಲಿ, ಶಾಲೆಯ ಮೈದಾನದಲ್ಲಿ, ಯುವಕ ಸಂಘದ ಅಂಗಳದಲ್ಲಿ ನಡೆಯುವ ಆಟಗಳಿಗೆ ಇರುವ ಒಟ್ಟು ಹೆಸರು. ಯಾವ ದೇಶವನ್ನು ತೆಗೆದುಕೊಂಡರೂ ಆಡುವವರಲ್ಲಿ ಬಹುಪಾಲು ಮಂದಿ ತಮ್ಮ ಆಟದ ಬದುಕನ್ನೆಲ್ಲ ಕಳೆಯುವುದು ಇಲ್ಲಿಯೇ. ಈ ಆಟಗಳಿಗೆ ಎರಡು ತಂಡಗಳು ಬೇಕು, ಒಂದಿಷ್ಟು ಸಮತಟ್ಟಾದ ನೆಲ ಬೇಕು, ಎರಡೂ ತಂಡಗಳಿಗೆ ಸೇರದ ಮತ್ತೊಬ್ಬ ವ್ಯಕ್ತಿಯೂ ಬೇಕು. ಆಟದಿಂದ ಆಟಕ್ಕೆ ಅಂಪೈರ್, ರೆಫರಿ, ಲೈನ್‌ಮನ್, ನಿರ್ಣಾಯಕ ಎಂದು ಹೆಸರು ಬದಲಾಗುವ ಈ ವ್ಯಕ್ತಿಯನ್ನು ಇಲ್ಲಿ ಒಟ್ಟಾಗಿ ತೀರ್ಪುಗಾರ ಎಂದು ಕರೆಯಲಾಗಿದೆ. ಆಟಗಾರರ ಬಗ್ಗೆ ಗ್ರಂಥಾಲಯ ತುಂಬುವಷ್ಟು ಬರಹವಿದೆ. ತರಬೇತುದಾರರ ಬಗ್ಗೆಯೂ ಕಡಿಮೆಯೇನಿಲ್ಲ. ಆದರೆ ಯಾರು ಇಲ್ಲದಿದ್ದರೆ ಪಂದ್ಯವು ಪಂದ್ಯವಾಗಿಯೇ ಉಳಿಯುವುದಿಲ್ಲವೋ ಅವರ ಬಗ್ಗೆ ವಿದ್ವಾಂಸರು ಗಂಭೀರವಾಗಿ ಬರೆಯತೊಡಗಿದ್ದು ಈಚಿನ ಕೆಲವು ದಶಕಗಳಲ್ಲಷ್ಟೇ.

ಹಾಗೆ ಬರೆಯಬೇಕಾದ ಒತ್ತಡ ಹುಟ್ಟಿದ್ದು ಒಂದು ಕೊರತೆಯಿಂದ. ಇಂಗ್ಲೆಂಡ್, ನೆದರ್ಲೆಂಡ್ಸ್, ಜರ್ಮನಿ, ಅಮೆರಿಕ, ಆಸ್ಟ್ರೇಲಿಯಗಳ ಕ್ರೀಡಾಸಂಸ್ಥೆಗಳು ಬಹುಕಾಲದಿಂದ ಹೇಳುತ್ತ ಬಂದಿರುವ ದೂರು ಒಂದೇ: ಹೊಸಬರು ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಸೀಟಿ ಕೊರಳಿಗೆ ಹಾಕಿಕೊಂಡು ಬರುತ್ತಾರೆ, ಆದರೆ ಉಳಿಯುವುದಿಲ್ಲ. ಹೀಗೆ ಬಂದವರನ್ನು ಆಟದಲ್ಲಿ ಉಳಿಸಿಕೊಳ್ಳುವ ಪ್ರಶ್ನೆಯೇ ಈ ಬರಹದ ವಸ್ತು. ಬೈಗುಳ ತಾಳಲಾರದೆ ತೀರ್ಪುಗಾರರು ಬಿಟ್ಟುಹೋಗುತ್ತಾರೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ನಿಜ. ಬೈಗುಳ ಬಿದ್ದ ಮರುದಿನ, ತಮ್ಮನ್ನು ಆ ಮೈದಾನಕ್ಕೆ ಕಳುಹಿಸಿದ ಸಂಸ್ಥೆಯು ತಮ್ಮ ಪಕ್ಕದಲ್ಲಿ ಎಲ್ಲಿಯೂ ಕಾಣಿಸಲಿಲ್ಲ ಎಂಬ ಅರಿವು ಉಳಿದ ಅರ್ಧ, ಮತ್ತು ಹೆಚ್ಚು ಭಾರವಾದದ್ದು ಅದೇ. ಗೌರವ ಎಂಬುದು ಜನರ ಮನಸ್ಸಿನಲ್ಲಿ ಮೂಡಬೇಕಾದ ಭಾವನೆ ಎಂದು ತಿಳಿದು ಫಲಕ ಬರೆಸಿದ ಕಡೆ ಆಗಿರುವ ಬದಲಾವಣೆ ಕಡಿಮೆ; ದೂರು ಸ್ವೀಕರಿಸುವುದು, ವಿಚಾರಣೆ ನಡೆಸುವುದು, ಹೊಸಬರ ಜೊತೆಗೆ ನಿಲ್ಲುವುದು ಎಂಬ ಸಂಸ್ಥೆಯ ದಿನನಿತ್ಯದ ಕೆಲಸವಾಗಿ ಗೌರವವನ್ನು ರೂಪಿಸಿದ ಕಡೆಯಷ್ಟೇ ತೀರ್ಪುಗಾರರು ಉಳಿಯುವ ಸಾಧ್ಯತೆ ಹುಟ್ಟುತ್ತದೆ.

ತೀರ್ಪುಗಾರನ ಸ್ಥಾನವು ಆಟದ ಜೊತೆಗೇ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದಾಗ ಆಟದ ವಿವಾದಗಳನ್ನು ಎರಡೂ ತಂಡಗಳ ನಾಯಕರೇ ಮಾತಾಡಿ ಬಗೆಹರಿಸಿಕೊಳ್ಳುತ್ತಾರೆಂಬ ನಿರೀಕ್ಷೆಯಿತ್ತು. ಅದು ಸಾಲದಾದಾಗ ತಂಡಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಬಂದರು. ಆ ಇಬ್ಬರಿಗೂ ಒಮ್ಮತ ಬಾರದಾಗ ಕೇಳಲೆಂದು ಗೆರೆಯ ಹೊರಗೆ ಒಬ್ಬ ರೆಫರಿ ನಿಂತರು. ರೆಫರಿಯು ಮೈದಾನದ ಒಳಗೆ ಬಂದು ತೀರ್ಪು ಕೊಡತೊಡಗಿದ್ದು 1891ರಲ್ಲಿ. ಅಂಪೈರುಗಳಾಗಿದ್ದವರು ಆಗ ಲೈನ್‌ಮನ್‌ಗಳಾದರು. ಕ್ರಿಕೆಟ್ಟಿನ ದಾರಿ ಬೇರೆ. ಕ್ಷೇತ್ರರಕ್ಷಕರು ಮನವಿ ಸಲ್ಲಿಸದೆ ಅಂಪೈರು ಯಾರನ್ನೂ ಔಟ್ ಎಂದು ಘೋಷಿಸುವಂತಿಲ್ಲ ಎಂಬುದು ಆ ಆಟದ ನಿಯಮವಾಗಿ ಇಂದಿಗೂ ಉಳಿದಿದೆ. ಕೇಳುವ ಹಕ್ಕನ್ನು ಆಟಗಾರನಿಗೆ ನಿಯಮವೇ ಕೊಟ್ಟಿರುವ ಆಟದಲ್ಲಿ, ಕೇಳುವುದು ಎಲ್ಲಿ ಮುಗಿದು ಒತ್ತಾಯಿಸುವುದು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ತೆಳುವಾಗಿರುವುದು ಸಹಜವೇ. ಅಂದರೆ ತೀರ್ಪುಗಾರನ ಅಧಿಕಾರವು ಆಟಗಾರರ ನಡುವಿನ ಒಪ್ಪಂದ ಮುರಿದ ಕಡೆಗಳಲ್ಲಿ ಹಂತಹಂತವಾಗಿ ಕಟ್ಟಿದ್ದು. ಅದನ್ನು ಕಟ್ಟಿದ ಸಂಸ್ಥೆ ಹಿಂದೆ ಸರಿದರೆ ಆ ಅಧಿಕಾರಕ್ಕೆ ತನ್ನದೇ ಆದ ಆಧಾರವೇನೂ ಇರುವುದಿಲ್ಲ.

ದೊಡ್ಡ ವೇದಿಕೆಯಲ್ಲಿಯೂ ಒಂದು ತೀರ್ಪು ತೀರ್ಪುಗಾರನ ಬದುಕಿಗೆ ಅಂಟಿಕೊಳ್ಳುವ ಬಗೆಗೆ ಕರ್ನಾಟಕದ ಓದುಗರು ಬಲ್ಲ ಉದಾಹರಣೆಯೊಂದಿದೆ. 1986ರ ಸೆಪ್ಟೆಂಬರ್ 22ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಭಾರತ ಮತ್ತು ಆಸ್ಟ್ರೇಲಿಯ ನಡುವಣ ಟೆಸ್ಟ್ ಪಂದ್ಯದ ಕೊನೆಯ ಓವರಿನಲ್ಲಿ, ಎರಡೂ ಕಡೆಯ ಮೊತ್ತ ಸಮವಾಗಿದ್ದಾಗ, ಗ್ರೆಗ್ ಮ್ಯಾಥ್ಯೂಸ್ ಎಸೆತದಲ್ಲಿ ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು ಎಂದು ಬೆರಳೆತ್ತಿದವರು ಕರ್ನಾಟಕದ ಅಂಪೈರ್ ವಿಕ್ರಮ್ ರಾಜು. ಕ್ರಿಕೆಟ್ ಚರಿತ್ರೆಯ ಎರಡನೆಯ ಟೈ ಟೆಸ್ಟ್ ಆ ಬೆರಳಿನಿಂದ ಮುಗಿಯಿತು. ಚೆಂಡು ಬ್ಯಾಟಿಗೆ ತಾಗಿತ್ತೆಂದು ಆಟಗಾರ ಹೇಳುತ್ತ ಬಂದರು, ತೀರ್ಪು ಸರಿಯೆಂದು ಅಂಪೈರ್ ಹೇಳುತ್ತ ಬಂದರು. ಅವರು ಮತ್ತೊಂದು ಟೆಸ್ಟ್ ಪಂದ್ಯದಲ್ಲಿ ನಿಲ್ಲಲಿಲ್ಲ. ತೀರ್ಪು ಸರಿಯೋ ತಪ್ಪೋ ಎಂಬುದು ಇಲ್ಲಿ ಮುಖ್ಯವಲ್ಲ. ಐದು ದಿನಗಳ ಪಂದ್ಯದಲ್ಲಿ ಅಂಪೈರ್ ಕೊಡುವ ನೂರಾರು ನಿರ್ಧಾರಗಳಲ್ಲಿ ಒಂದೇ ಒಂದು ಮಾತ್ರ ಅವರ ಹೆಸರಿನ ಜೊತೆ ಉಳಿಯುತ್ತದೆಂಬುದು ಮುಖ್ಯ. ಆಟಗಾರನೊಬ್ಬ ಕ್ಯಾಚ್ ಬಿಟ್ಟರೆ ಮುಂದಿನ ಇನಿಂಗ್ಸಿನಲ್ಲಿ ಶತಕ ಹೊಡೆದು ಅದನ್ನು ಅಳಿಸಬಹುದು. ತೀರ್ಪುಗಾರನಿಗೆ ಶತಕವೆಂಬುದೇ ಇಲ್ಲ.

ನಿಂದನೆ ಎಂಬ ಮಾತಿನ ಕೆಳಗೆ ಹಲವು ನಡತೆಗಳು ಸೇರಿಕೊಂಡಿವೆ, ಮತ್ತು ಅವುಗಳನ್ನು ಬಿಡಿಸಿ ನೋಡದಿದ್ದರೆ ಪರಿಹಾರವೂ ಅಸ್ಪಷ್ಟವಾಗುತ್ತದೆ. ತೀರ್ಪಿಗೆ ಕೈಚಾಚಿ, ತಲೆಯಾಡಿಸಿ, ಮಾತಿನಿಂದ ಅಸಮ್ಮತಿ ತೋರಿಸುವುದು ಮೊದಲನೆಯದು. ಕ್ರೀಡಾ ನಿಯಮಗಳಲ್ಲಿ ಇದನ್ನು ತೀರ್ಪಿನ ವಿರುದ್ಧದ ಪ್ರತಿರೋಧವೆಂದು ಪ್ರತ್ಯೇಕ ಅಪರಾಧವಾಗಿ ಗುರುತಿಸುತ್ತಾರೆ. ವ್ಯಕ್ತಿಯನ್ನು, ಅವನ ಮನೆಯವರನ್ನು, ಜಾತಿಯನ್ನು, ಬಣ್ಣವನ್ನು, ಹೆಣ್ಣಾಗಿದ್ದರೆ ಹೆಣ್ಣುತನವನ್ನು ಹಿಡಿದು ಬೈಯುವುದು ಬೇರೆಯೇ ಬಗೆಯದು. ಮೈದಾನದ ಹೊರಗೆ ದಾರಿ ಅಡ್ಡಗಟ್ಟಿ ಬೆದರಿಸುವುದು, ಕೊನೆಗೆ ಕೈಮಾಡುವುದು ಇವೆಲ್ಲದರ ತುದಿ. ಹಲ್ಲೆ ಸುದ್ದಿಯಾಗುತ್ತದೆ, ಅದರ ವಿರುದ್ಧ ಎಲ್ಲರೂ ಮಾತಾಡುತ್ತಾರೆ. ಆದರೆ ವಾರವಾರವೂ ತೀರ್ಪುಗಾರನ ಮನಸ್ಸನ್ನು ಸವೆಸುವುದು ಮೊದಲನೆಯ ಬಗೆ. ಅದು ಎಷ್ಟು ರೂಢಿಯಾಗಿದೆಯೆಂದರೆ ಬೈಯುವವರಿಗೂ ಬೈಸಿಕೊಳ್ಳುವವರಿಗೂ ಅದು ಆಟದ ಭಾಗವಾಗಿಯೇ ತೋರುತ್ತದೆ. ಇದೆಲ್ಲ ಇದ್ದದ್ದೇ ಎಂದು ಹಿರಿಯರು ಹೊಸಬರಿಗೆ ಹೇಳುವ ಸಮಾಧಾನದ ಮಾತು, ಆ ರೂಢಿಗೆ ಹಾಕುವ ಮತ್ತೊಂದು ಮೊಳೆಯಾಗುತ್ತದೆ.

ಈ ರೂಢಿಯ ತುದಿಯಲ್ಲಿ ಏನಿರಬಹುದೆಂಬುದನ್ನು ನೆದರ್ಲೆಂಡ್ಸ್ 2012ರ ಡಿಸೆಂಬರಿನಲ್ಲಿ ಕಂಡಿತು. ಆಲ್ಮೇರೆ ನಗರದಲ್ಲಿ ಡಿಸೆಂಬರ್ 2ರಂದು ಎರಡು ಕ್ಲಬ್ಬುಗಳ ಹದಿಹರೆಯದ ಹುಡುಗರ ನಡುವೆ ನಡೆದ ಫುಟ್‌ಬಾಲ್ ಪಂದ್ಯದ ನಂತರ, ತನ್ನ ಮಗ ಆಡುತ್ತಿದ್ದ ಕ್ಲಬ್ಬಿನ ಪರವಾಗಿ ಸ್ವಯಂಸೇವೆಯಿಂದ ಧ್ವಜ ಹಿಡಿದು ಗೆರೆಯ ಬಳಿ ನಿಂತಿದ್ದ 41 ವರ್ಷದ ಲೈನ್‌ಮನ್ ಒಬ್ಬರನ್ನು ಎದುರು ತಂಡದವರು ಒದ್ದು ಬಡಿದರು. ಮರುದಿನ ಅವರು ತೀರಿಕೊಂಡರು. ಆರು ಮಂದಿ ಹುಡುಗರಿಗೂ ಒಬ್ಬ ಆಟಗಾರನ ತಂದೆಗೂ 2013ರಲ್ಲಿ ಶಿಕ್ಷೆಯಾಯಿತು. ತಂದೆಗೆ ಆದದ್ದು ಆರು ವರ್ಷಗಳ ಸೆರೆವಾಸ. ಸತ್ತವರು ಯಾವ ಲೀಗಿನ ನೌಕರರೂ ಅಲ್ಲ. ತಳಮಟ್ಟದ ಪಂದ್ಯಗಳಲ್ಲಿ ಲೈನ್‌ಮನ್‌ನನ್ನು ಆಯಾ ಕ್ಲಬ್ಬೇ ಒದಗಿಸಬೇಕೆಂಬ ಪದ್ಧತಿಯಿಂದಾಗಿ ಅಲ್ಲಿ ನಿಂತವರು ಅವರು, ಮತ್ತು ಹಾಗೆ ನಿಂತವರ ತೀರ್ಪನ್ನು ಎದುರಾಳಿಗಳು ಪಕ್ಷಪಾತವೆಂದು ಶಂಕಿಸುವುದು ಆ ಪದ್ಧತಿಯ ಒಳಗೇ ಹುದುಗಿದೆ. ಆ ಸಾವಿನ ನಂತರದ ವಾರಾಂತ್ಯ ದೇಶದ ಹವ್ಯಾಸಿ ಫುಟ್‌ಬಾಲ್ ಪಂದ್ಯಗಳೆಲ್ಲ ರದ್ದಾದವು. ಡಚ್ ಫುಟ್‌ಬಾಲ್ ಸಂಸ್ಥೆ ಆಮೇಲೆ ಕೈಗೊಂಡ ಕ್ರಮಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ: ಹದಿನಾರು ಹದಿನೇಳರ ವಯಸ್ಸಿನ ಆಟಗಾರರು ಆಟದ ನಿಯಮಗಳ ಪರೀಕ್ಷೆಯೊಂದನ್ನು ಪಾಸು ಮಾಡಲೇಬೇಕೆಂದು ಅದು ವಿಧಿಸಿತು. ಮೈದಾನದಲ್ಲಿ ಏಳುವ ಆಕ್ರೋಶದ ದೊಡ್ಡ ಪಾಲು ನಿಯಮವನ್ನು ತಪ್ಪಾಗಿ ತಿಳಿದವರ ಆಕ್ರೋಶವೆಂಬ ಸರಳ ಸತ್ಯವನ್ನು ಅದು ಒಪ್ಪಿಕೊಂಡಂತಾಯಿತು. ಉಪದೇಶಕ್ಕಿಂತ ಇಂಥ ಪರೀಕ್ಷೆ ಮೇಲು.

ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು ದೀರ್ಘವಾಗಿ ಪರಿಶೀಲಿಸಬಹುದಾದ ಪ್ರಯೋಗ ಇಂಗ್ಲೆಂಡಿನದು. ಅಲ್ಲಿಯ ಫುಟ್‌ಬಾಲ್ ಅಸೋಸಿಯೇಷನ್ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಆರಂಭಿಸಿತು. ಆಟಗಾರರಿಗೆ, ತರಬೇತುದಾರರಿಗೆ, ಪೋಷಕರಿಗೆ ನಡತೆಯ ಸಂಹಿತೆಗಳು ಬಂದವು. ರೆಫರಿಯ ಜೊತೆ ಮಾತಾಡುವ ಹೊಣೆ ನಾಯಕನದೆಂದು ಹೇಳಲಾಯಿತು. ಮಕ್ಕಳ ಪಂದ್ಯಗಳಲ್ಲಿ ಪೋಷಕರು ದಾಟಬಾರದ ಗೆರೆಯೊಂದನ್ನು ಬಣ್ಣದಿಂದಲೋ ಹಗ್ಗದಿಂದಲೋ ಮೈದಾನದ ಅಂಚಿನಿಂದ ಹಿಂದಕ್ಕೆ ಎಳೆಯಲಾಯಿತು. ಉದ್ದೇಶ ಪ್ರಾಮಾಣಿಕವಾಗಿತ್ತು, ಹಣವೂ ಪ್ರಚಾರವೂ ಕಡಿಮೆಯಿರಲಿಲ್ಲ. ಸುಮಾರು ಒಂದು ದಶಕದ ನಂತರ ಜೇಮಿ ಕ್ಲೀಲ್ಯಾಂಡ್, ಜಿಮ್ಮಿ ಓಗಾರ್ಮನ್ ಮತ್ತು ಟಾಮ್ ವೆಬ್ ಎಂಬ ಸಂಶೋಧಕರು 2,056 ರೆಫರಿಗಳ ಉತ್ತರಗಳನ್ನು ಸಂಗ್ರಹಿಸಿ ಅದರ ಫಲವನ್ನು ಅಳೆದರು. ಬೈಗುಳ ಆಟಗಾರರಿಂದಲೂ ತರಬೇತುದಾರರಿಂದಲೂ ಪ್ರೇಕ್ಷಕರಿಂದಲೂ ಮುಂದುವರಿದಿತ್ತು ಎಂಬುದು ಅಷ್ಟು ಆಶ್ಚರ್ಯದ್ದಲ್ಲ. ಶಿಸ್ತಿನ ವಿಚಾರಣೆಗಳು ಪರಿಣಾಮಕಾರಿಯಾಗಿಲ್ಲ, ಘಟನೆ ನಡೆದ ಮೇಲೆ ತಮಗೆ ಬೆಂಬಲ ಸಿಗುವುದಿಲ್ಲ ಎಂದು ರೆಫರಿಗಳು ಹೇಳಿದ್ದೇ ಆ ಅಧ್ಯಯನದ ತಿರುಳು. ರೆಫರಿಯೊಬ್ಬ ರಾತ್ರಿ ಕೂತು ವರದಿ ಬರೆಯುತ್ತಾನೆ. ವಿಚಾರಣೆಯಲ್ಲಿ ಅವನ ಮಾತಿಗೆ ಎದುರಾಗಿ ಇಡೀ ತಂಡದ ಸಾಕ್ಷಿ ನಿಲ್ಲುತ್ತದೆ. ಶಿಕ್ಷೆಯಾಗಿದೆಯೋ ಇಲ್ಲವೋ ಎಂಬುದು ಅವನಿಗೆ ತಿಳಿಯುವುದು ಮುಂದಿನ ತಿಂಗಳು ಅದೇ ಆಟಗಾರ ಮತ್ತೆ ಅವನ ಎದುರು ಬಂದು ನಿಂತಾಗ. ಎರಡನೆಯ ಸಲ ಅವನು ವರದಿ ಬರೆಯುವುದಿಲ್ಲ. ಮೂರನೆಯ ಸಲಕ್ಕೆ ಅವನೇ ಇರುವುದಿಲ್ಲ.

ವರದಿಯಾಗುವ ಪ್ರಕರಣಗಳ ಸಂಖ್ಯೆಯನ್ನು ನೋಡಿ ನಿಂದನೆ ಕಡಿಮೆಯಾಯಿತೆಂದು ತೀರ್ಮಾನಿಸುವ ಸಂಸ್ಥೆಗಳು ಇದರಿಂದಾಗಿ ಮೋಸಹೋಗುತ್ತವೆ. ದೂರುಗಳು ಇಳಿದಾಗ ಅದಕ್ಕೆ ಎರಡು ಕಾರಣ ಇರಬಹುದು: ಬೈಗುಳ ಕಡಿಮೆಯಾಗಿರಬಹುದು, ಇಲ್ಲವೇ ದೂರಿನ ಮೇಲಿನ ನಂಬಿಕೆ ಹೋಗಿರಬಹುದು. ಈ ಎರಡನ್ನು ಬೇರ್ಪಡಿಸಲು ಇರುವ ದಾರಿ ಒಂದೇ, ಬಿಟ್ಟುಹೋದವರನ್ನು ಹುಡುಕಿ ಕೇಳುವುದು. ಮತ್ತು ಸಂಸ್ಥೆಗಳು ಅತಿ ವಿರಳವಾಗಿ ಮಾಡುವ ಕೆಲಸವೂ ಅದೇ.

ಇಂಗ್ಲೆಂಡಿನಲ್ಲಿ ಫಲ ಕೊಟ್ಟ ಕ್ರಮಗಳು ಭಾವನೆಯನ್ನು ಬೇಡದೆ ಪರಿಣಾಮವನ್ನು ಅಲ್ಲಿಯೇ ಮುಟ್ಟಿಸುವ ಬಗೆಯವು. ತೀರ್ಪಿನ ವಿರುದ್ಧ ಕೂಗಾಡಿದ ಆಟಗಾರನನ್ನು ಹತ್ತು ನಿಮಿಷ ಆಟದಿಂದ ಹೊರಗೆ ಕೂರಿಸುವ ಪದ್ಧತಿಯನ್ನು ಅಲ್ಲಿ ‘ಸಿನ್ ಬಿನ್’ ಎನ್ನುತ್ತಾರೆ. ಇದನ್ನು ಎರಡು ಋತುಗಳ ಕಾಲ 31 ಲೀಗುಗಳಲ್ಲಿ ಪ್ರಯೋಗಿಸಿದಾಗ ಇಂಥ ಪ್ರತಿರೋಧ 38 ಪ್ರತಿಶತ ಇಳಿಯಿತೆಂದು ಅಸೋಸಿಯೇಷನ್ ವರದಿ ಮಾಡಿತು, ಮತ್ತು 2019–20ರಿಂದ ತಳಮಟ್ಟದ ಫುಟ್‌ಬಾಲಿಗೆ ಅದನ್ನು ವಿಸ್ತರಿಸಿತು. ಅದರ ಒಳಗುಟ್ಟು ಸರಳ. ತಿಂಗಳಾಚೆಗೆ ಅಂಚೆಯಲ್ಲಿ ಬರುವ ದಂಡದ ಚೀಟಿ ಆಟಗಾರನನ್ನು ತಿದ್ದುವುದಿಲ್ಲ. ಹತ್ತು ನಿಮಿಷ ತನ್ನ ತಂಡ ಒಬ್ಬ ಕಡಿಮೆಯಾಗಿ ಆಡುವುದನ್ನು ಕೂತು ನೋಡಬೇಕಾದಾಗ ಜೊತೆಗಾರರೇ ಅವನ ಬಾಯಿ ಮುಚ್ಚಿಸುತ್ತಾರೆ. ರಗ್ಬಿಯಿಂದ ಎರವಲು ಪಡೆದ ಇನ್ನೊಂದು ನಿಯಮ, ಅಂದರೆ ಪ್ರತಿರೋಧ ತೋರಿದರೆ ಫ್ರೀ ಕಿಕ್ಕನ್ನು ಹತ್ತು ಗಜ ಮುಂದಕ್ಕೆ ತರುವ ಪದ್ಧತಿ, ಕೆಲವು ವರ್ಷ ಚಾಲ್ತಿಯಲ್ಲಿದ್ದು 2005ರಲ್ಲಿ ಬಿದ್ದುಹೋಗಿತ್ತು ಎಂಬುದನ್ನೂ ನೆನೆಯಬೇಕು. ಒಂದು ಆಟದಲ್ಲಿ ತಲೆಮಾರುಗಳಿಂದ ಬೇರುಬಿಟ್ಟ ಶಿಸ್ತು ಇನ್ನೊಂದು ಆಟಕ್ಕೆ ನಾಟಿ ಮಾಡಿದ ಕೂಡಲೇ ಚಿಗುರುವುದಿಲ್ಲ.

2023ರ ಫೆಬ್ರುವರಿಯಲ್ಲಿ ಮಿಡಲ್ಸ್‌ಬರೋ ಪ್ರದೇಶದಿಂದ ಆರಂಭಿಸಿ ತಳಮಟ್ಟದ ರೆಫರಿಗಳ ಎದೆಗೆ ಕ್ಯಾಮೆರಾ ತೊಡಿಸುವ ಪ್ರಯೋಗವೂ ನಡೆಯಿತು. ಇಡೀ ಪಂದ್ಯವನ್ನು ಚಿತ್ರಿಸುವುದು ಅದರ ಉದ್ದೇಶವಲ್ಲ. ಯಾರಾದರೂ ಮೈಮೇಲೆ ಬಂದಾಗ ರೆಫರಿ ಅದನ್ನು ಚಾಲೂ ಮಾಡುತ್ತಾನೆ, ಹಾಗೆ ಮಾಡುತ್ತಿದ್ದೇನೆಂದು ಹೇಳುತ್ತಾನೆ. ವಿಚಾರಣೆಯಲ್ಲಿ ಒಬ್ಬನ ಮಾತು ಹನ್ನೊಂದು ಜನರ ಮಾತಿನ ಎದುರು ನಿಲ್ಲಬೇಕಾದ ಅಸಮತೋಲನಕ್ಕೆ ಇದು ನೇರ ಉತ್ತರ. ಆದರೂ ಹದಿನಾಲ್ಕು ವರ್ಷ ತುಂಬಿದವರು ರೆಫರಿಯಾಗಬಹುದಾದ ದೇಶದಲ್ಲಿ, ತಳಮಟ್ಟದ ಆಟ ನಡೆಸಲು ಹೊರಟ ರೆಫರಿಗೆ ಪೊಲೀಸರು ತೊಡುವ ಬಗೆಯ ಸಲಕರಣೆ ಬೇಕಾಯಿತೆಂಬ ಸಂಗತಿ ಹಿರಿಯರೆಲ್ಲರೂ ನೋವಿನಿಂದ ಯೋಚಿಸಬೇಕಾದದ್ದು. ಹದಿನಾಲ್ಕರ ರೆಫರಿಯನ್ನು ನಲವತ್ತರ ತಂದೆ ಗೆರೆಯಾಚೆಯಿಂದ ಬೈದಾಗ ಅದು ಕ್ರೀಡಾಶಿಸ್ತಿನ ಉಲ್ಲಂಘನೆಯಷ್ಟೇ ಅಲ್ಲ, ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯವೂ ಹೌದೆಂದು ಅಲ್ಲಿಯ ಮಕ್ಕಳ ರಕ್ಷಣೆಯ ನಿಯಮಗಳು ಪರಿಗಣಿಸುತ್ತವೆ. ಕೆಲವು ಕೌಂಟಿಗಳಲ್ಲಿ ಹದಿನೆಂಟು ತುಂಬದ ರೆಫರಿಗಳು ಬೇರೆ ಬಣ್ಣದ ತೋಳುಪಟ್ಟಿ ಧರಿಸುವುದು ಈ ಅರಿವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಲೆಂದೇ.

ಸಂಸ್ಥೆ ಪಕ್ಕದಲ್ಲಿ ನಿಲ್ಲದಿದ್ದಾಗ ತೀರ್ಪುಗಾರರೇ ಒಟ್ಟಾಗಿ ನಿಂತ ನಿದರ್ಶನವನ್ನು ಬರ್ಲಿನ್ ಒದಗಿಸುತ್ತದೆ. 2019ರ ಅಕ್ಟೋಬರಿನಲ್ಲಿ ಆ ನಗರದ ಹವ್ಯಾಸಿ ಫುಟ್‌ಬಾಲಿನ ರೆಫರಿಗಳು ಒಂದು ವಾರಾಂತ್ಯ ಮೈದಾನಕ್ಕೆ ಬರುವುದಿಲ್ಲವೆಂದು ಘೋಷಿಸಿದಾಗ ಸಾವಿರದ ಐನೂರಕ್ಕೂ ಹೆಚ್ಚು ಪಂದ್ಯಗಳು ನಿಂತುಹೋದವು. ಆ ಋತು ಆರಂಭವಾದ ಕೆಲವೇ ತಿಂಗಳುಗಳಲ್ಲಿ ಹಿಂಸೆ ಮತ್ತು ತಾರತಮ್ಯದ 109 ಪ್ರಕರಣಗಳು ವರದಿಯಾಗಿ, ಅವುಗಳಲ್ಲಿ 53ರಲ್ಲಿ ರೆಫರಿಗಳೇ ಗುರಿಯಾಗಿದ್ದರು. ಒಬ್ಬ ರೆಫರಿ ಬಿಟ್ಟುಹೋದಾಗ ಯಾರ ಗಮನಕ್ಕೂ ಬಾರದ ನಷ್ಟವನ್ನು ಎಲ್ಲರೂ ಒಮ್ಮೆಲೇ ಗೈರಾಗಿ ಕಾಣಿಸಿದರು. ಅಮೆರಿಕದಲ್ಲಿ ಇದೇ ನಷ್ಟ ಸದ್ದಿಲ್ಲದೆ ಆಗಿದೆ: 2018–19ರ ನಂತರದ ಕೆಲವೇ ವರ್ಷಗಳಲ್ಲಿ ಪ್ರೌಢಶಾಲಾ ಕ್ರೀಡೆಗಳಿಂದ ಸುಮಾರು 50,000 ತೀರ್ಪುಗಾರರು ದೂರವಾದರೆಂದು ಅಲ್ಲಿಯ ಪ್ರೌಢಶಾಲಾ ಕ್ರೀಡಾಸಂಘಗಳ ಒಕ್ಕೂಟ ಹೇಳಿತು. ಅದರಲ್ಲಿ ಕೊರೊನಾ ಪಿಡುಗಿನ ಪಾಲೂ ಇದೆ, ನಿಂದನೆಯೊಂದೇ ಕಾರಣವಲ್ಲ. ಆದರೆ ಪಿಡುಗು ಮುಗಿದ ಮೇಲೆ ಮರಳಬಹುದಾಗಿದ್ದವರು ಏಕೆ ಮರಳಲಿಲ್ಲ ಎಂಬುದಕ್ಕೆ ನಿಂದನೆಯನ್ನು ಬಿಟ್ಟು ಉತ್ತರ ಹೇಳಲಾಗದು.

ಹೀಗೆ ಖಾಲಿಯಾಗುವ ಸ್ಥಾನಗಳು ತಮ್ಮದೇ ಒಂದು ವಿಷಚಕ್ರವನ್ನು ಸೃಷ್ಟಿಸುತ್ತವೆ. ಅನುಭವಿಗಳು ಹೋದಾಗ ಕಠಿಣ ಪಂದ್ಯಗಳಿಗೆ ಎಳೆಯರನ್ನು ಹಾಕಬೇಕಾಗುತ್ತದೆ. ಎಳೆಯರು ಹೆಚ್ಚು ತಪ್ಪು ಮಾಡುತ್ತಾರೆ. ತಪ್ಪು ಹೆಚ್ಚಿದಷ್ಟೂ ಬೈಗುಳ ಹೆಚ್ಚುತ್ತದೆ. ಅವರಿಗೆ ಕಲಿಸಬೇಕಾಗಿದ್ದ ಹಿರಿಯರು ಆಗಲೇ ಮನೆ ಸೇರಿರುತ್ತಾರೆ. ಹೊಸಬರು ತೀರ್ಪು ಕೊಡುವ ಕಲೆಯನ್ನು ಪುಸ್ತಕದಿಂದ ಕಲಿಯುವುದಿಲ್ಲ. ಎಲ್ಲಿ ನಿಂತರೆ ಕಾಣುತ್ತದೆ, ಸಿಟ್ಟಾದ ನಾಯಕನೊಡನೆ ಯಾವ ದನಿಯಲ್ಲಿ ಮಾತಾಡಬೇಕು, ಯಾವುದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬುದೆಲ್ಲ ಜೊತೆಗೆ ನಿಂತವರಿಂದ ಬರುವ ವಿದ್ಯೆ. ಆದ್ದರಿಂದಲೇ ಮೊದಲ ಒಂದೆರಡು ಋತುಗಳಲ್ಲಿ ಹೊಸ ತೀರ್ಪುಗಾರನ ಪಕ್ಕದಲ್ಲಿ ಅನುಭವಿಯೊಬ್ಬರನ್ನು ಮಾರ್ಗದರ್ಶಕರಾಗಿ ನಿಲ್ಲಿಸುವ ವ್ಯವಸ್ಥೆಗೆ ಇರುವ ಬೆಲೆ ದೊಡ್ಡದು. ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಪದರವಿದೆ: ತೀರ್ಪು ತಪ್ಪಾದರೆ ಗಂಡು ರೆಫರಿಗೆ ಕಣ್ಣು ಕಾಣುವುದಿಲ್ಲ ಎನ್ನುವವರು ಹೆಣ್ಣು ರೆಫರಿಗೆ ಅಡುಗೆಮನೆಯ ದಾರಿ ತೋರಿಸುತ್ತಾರೆ, ಮತ್ತು ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆಯಿಲ್ಲದ ಮೈದಾನವು ಬಾಯಿಬಿಟ್ಟು ಹೇಳದೆಯೇ ಅದೇ ಮಾತನ್ನು ಹೇಳುತ್ತದೆ.

ಕರ್ನಾಟಕದ ಮೈದಾನಗಳಿಗೆ ಬಂದರೆ, ಇಲ್ಲಿಯ ತೀರ್ಪುಗಾರರ ದೊಡ್ಡ ಪಡೆ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರದು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುವ ಶಾಲಾ ಕ್ರೀಡಾಕೂಟಗಳಲ್ಲಿ ಖೊ ಖೊ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಪಂದ್ಯಗಳನ್ನು ಬಿಸಿಲಿನಲ್ಲಿ ನಿಂತು ನಡೆಸುವವರು ಅವರೇ. ಬೆಳಗ್ಗೆ ತಮ್ಮ ಶಾಲೆಯ ತಂಡವನ್ನು ಕರೆತಂದ ಶಿಕ್ಷಕರು ಮಧ್ಯಾಹ್ನ ಬೇರೆ ಶಾಲೆಗಳ ಪಂದ್ಯದಲ್ಲಿ ಸೀಟಿ ಊದುತ್ತಾರೆ, ಸಂಜೆಗೆ ಸೋತ ಶಾಲೆಯ ಸಹೋದ್ಯೋಗಿಯ ಮುಖ ನೋಡಬೇಕಾಗುತ್ತದೆ. ತಟಸ್ಥ ತೀರ್ಪುಗಾರರನ್ನು ಬೇರೆ ತಾಲ್ಲೂಕಿನಿಂದ ಕರೆಸುವ ಸಣ್ಣ ಏರ್ಪಾಡು ಈ ಸಂಕಟದ ಬಹುಭಾಗವನ್ನು ಕಳೆಯಬಲ್ಲದು. ಕರಾವಳಿಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಇಕ್ಕಟ್ಟು ಬೇರೆ ಬಗೆಯದು. ಕಬಡ್ಡಿಯಲ್ಲಿ ಒಬ್ಬ ರೆಫರಿ, ಇಬ್ಬರು ಅಂಪೈರುಗಳು, ಅಂಕ ದಾಖಲಿಸುವವರು ಇರಬೇಕೆಂದು ನಿಯಮವಿದೆ. ದಾಳಿಗಾರನ ಬೆರಳ ತುದಿ ಎದುರಾಳಿಯ ಅಂಗಿಗೆ ಸೋಕಿತೇ, ಲಾಬಿಗೆ ಕಾಲಿಟ್ಟದ್ದು ಸೋಕಿದ ಮೇಲೋ ಮೊದಲೋ, ‘ಕಬಡ್ಡಿ ಕಬಡ್ಡಿ’ ಎಂಬ ಉಚ್ಚಾರ ನಡುವೆ ನಿಂತಿತೇ ಎಂಬ ಪ್ರಶ್ನೆಗಳಿಗೆ ಕ್ಷಣಾರ್ಧದಲ್ಲಿ ಉತ್ತರ ಕೊಡಬೇಕು, ಮತ್ತು ಅಂಕಣಕ್ಕೆ ಅಂಟಿ ನಿಂತ ಸಾವಿರ ಜನ ತಮ್ಮ ಕಡೆಯಿಂದ ಕಂಡದ್ದೇ ಸತ್ಯವೆಂದು ಕೂಗುತ್ತಿರುತ್ತಾರೆ. ಈಚೆಗೆ ಇಂಥ ಪಂದ್ಯಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ. ಟೆಲಿವಿಷನ್ನಿನಲ್ಲಿ ನಿಧಾನಗತಿಯ ಮರುಪ್ರದರ್ಶನ ನೋಡಿ ಪಳಗಿದ ಕಣ್ಣುಗಳು ಮರುಪ್ರದರ್ಶನದ ಸೌಲಭ್ಯವೇ ಇಲ್ಲದ ಊರ ಅಂಪೈರಿನಿಂದಲೂ ಅದೇ ನಿಖರತೆಯನ್ನು ಬೇಡುತ್ತವೆ, ಮತ್ತು ತಪ್ಪಿದ ಒಂದು ತೀರ್ಪಿನ ತುಣುಕು ಅವರು ಮನೆ ಸೇರುವ ಮೊದಲೇ ವಾಟ್ಸಾಪಿನಲ್ಲಿ ಊರು ಸುತ್ತಿರುತ್ತದೆ.

ಟೆನಿಸ್ ಬಾಲ್ ಕ್ರಿಕೆಟ್ಟಿನ ಸಣ್ಣ ಪಂದ್ಯಗಳಲ್ಲಿ ಬ್ಯಾಟಿಂಗ್ ಮಾಡುವ ತಂಡದ ಹುಡುಗನೇ ಅಂಪೈರಾಗಿ ನಿಲ್ಲುವುದು ಎಲ್ಲರೂ ಕಂಡಿರುವ ರೂಢಿ. ಆಲ್ಮೇರೆಯ ಗೆರೆಯ ಬಳಿ ಇದ್ದ ಅನುಮಾನವೇ ಇಲ್ಲಿಯೂ ಮೊದಲ ಎಸೆತದಿಂದಲೇ ಜೊತೆಗಿರುತ್ತದೆ. ಕ್ರಿಕೆಟ್ ನಿಯಮಗಳ ಒಡೆತನ ಹೊಂದಿರುವ ಲಂಡನ್ನಿನ ಎಂಸಿಸಿ ಸಂಸ್ಥೆ 2017ರ ಅಕ್ಟೋಬರಿನಿಂದ ಆಟಗಾರರ ನಡತೆಗೆಂದೇ 42ನೆಯ ನಿಯಮವನ್ನು ಸೇರಿಸಿತು. ತಪ್ಪುಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿ, ಮಾತಿನಿಂದಲೋ ವರ್ತನೆಯಿಂದಲೋ ಅಸಮ್ಮತಿ ತೋರಿದರೆ ಮೊದಲು ಎಚ್ಚರಿಕೆ, ಆಮೇಲೆ ಎದುರು ತಂಡಕ್ಕೆ ಐದು ದಂಡದ ರನ್ನುಗಳ ಲಾಭ. ಅಂಪೈರನ್ನು ಬೆದರಿಸಿದರೆ ಕೆಲವು ಓವರುಗಳ ಅಮಾನತು. ಹಲ್ಲೆ ಮಾಡುತ್ತೇನೆಂದರೆ ಅಥವಾ ಕೈಮಾಡಿದರೆ ಉಳಿದ ಪಂದ್ಯದಿಂದಲೇ ಉಚ್ಚಾಟನೆ ಎಂದು ಅದು ಹೇಳುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಬೇರೆ ಶಿಸ್ತುವ್ಯವಸ್ಥೆ ಇದ್ದುದರಿಂದ ಈ ನಿಯಮದ ನಿಜವಾದ ಫಲಾನುಭವಿಗಳು ಕ್ಲಬ್ಬು ಮತ್ತು ಶಾಲೆಗಳ ಅಂಪೈರುಗಳೇ. ಆದರೆ ಅದರ ಒಂದೊಂದು ಹಂತವೂ ಇಬ್ಬರು ಅಂಪೈರುಗಳು ಸಮಾಲೋಚಿಸಬೇಕು, ತಪ್ಪಿತಸ್ಥನ ನಾಯಕನನ್ನು ಕರೆಯಬೇಕು, ಪಂದ್ಯ ಮುಗಿದ ಮೇಲೆ ಆಡಳಿತ ಸಂಸ್ಥೆಗೆ ವರದಿ ಕಳುಹಿಸಬೇಕು ಎಂದು ಬಯಸುತ್ತದೆ. ಎರಡನೆಯ ಅಂಪೈರೂ ಇಲ್ಲದ, ವರದಿ ಕಳುಹಿಸಲು ವಿಳಾಸವೂ ಇಲ್ಲದ ಪಂದ್ಯಾವಳಿಯಲ್ಲಿ 42ನೆಯ ನಿಯಮಕ್ಕೆ ಕಾಲೂರಲು ನೆಲವಿಲ್ಲ. ವಾಲಿಬಾಲಿನ ವಿಷಯದಲ್ಲಿಯೂ ಹೀಗೆಯೇ. ಚೆಂಡು ಆಟದಲ್ಲಿಲ್ಲದಾಗ ರೆಫರಿಯನ್ನು ವಿವರಣೆ ಕೇಳುವ ಅಧಿಕಾರ ಅಂಕಣದಲ್ಲಿರುವ ನಾಯಕನಿಗೆ ಮಾತ್ರ ಎಂಬ ನಿಯಮ ಆ ಆಟದಲ್ಲಿ ಬಹಳ ಹಿಂದಿನಿಂದಲೂ ಇದೆ. ಯುರೋಪಿನ ಫುಟ್‌ಬಾಲ್ ಅದನ್ನು 2024ರ ಯುರೋ ಪಂದ್ಯಾವಳಿಯಲ್ಲಿ ಹೊಸದಾಗಿ ಜಾರಿಗೊಳಿಸಿ ಮೆಚ್ಚುಗೆ ಪಡೆಯಿತು. ನಮ್ಮ ಹಳ್ಳಿಗಳ ವಾಲಿಬಾಲ್ ಅಂಕಣಗಳಲ್ಲಿ ಆರು ಮಂದಿಯೂ ನೆಟ್ಟಿನ ಕಂಬದತ್ತ ಧಾವಿಸುವುದು ನಿಯಮದ ಕೊರತೆಯಿಂದಲ್ಲ.

ನಿಯಮದ ಹಿಂದೆ ಸಮುದಾಯವೇ ನಿಲ್ಲುವ ಬೇರೆ ಮಾದರಿಯೂ ರಾಜ್ಯದೊಳಗೇ ಇದೆ. ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಡನೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಮಟ್ಟಕ್ಕೆ ಬೆಳೆದಿತ್ತು. ವರ್ಷಕ್ಕೊಂದು ಒಕ್ಕ, ಅಂದರೆ ಕೊಡವ ಮನೆತನ, ಅದರ ಆತಿಥ್ಯದ ಹೊಣೆ ಹೊರುತ್ತದೆ, ಪ್ರತಿ ತಂಡವೂ ಒಂದು ಮನೆತನದ ಹೆಸರು ಹೊತ್ತು ಬರುತ್ತದೆ. ಅಲ್ಲಿ ಆಟಗಾರ ಅಂಪೈರಿನ ಮೇಲೆ ರೇಗಿದರೆ ಹಾಳಾಗುವುದು ಅವನೊಬ್ಬನ ಹೆಸರಲ್ಲ, ಒಕ್ಕದ್ದು. ಅವನನ್ನು ಹಿಂದಕ್ಕೆ ಎಳೆಯಲು ಗೆರೆಯ ಬಳಿಯೇ ಹಿರಿಯರಿರುತ್ತಾರೆ. ಹಾಕಿಯ ಹಸಿರು, ಹಳದಿ, ಕೆಂಪು ಕಾರ್ಡುಗಳಿಗೆ ಈ ಸಾಮಾಜಿಕ ಹಿಡಿತದ ಬೆಂಬಲ ದೊರೆತಾಗ ಅವು ಹೆಚ್ಚು ತೂಗುತ್ತವೆ. ಎಲ್ಲ ಪಂದ್ಯಾವಳಿಗಳಿಗೂ ಒಕ್ಕದಂಥ ಬಂಧ ಇರುವುದಿಲ್ಲ ನಿಜ. ಆದರೆ ಆಟಗಾರನ ನಡತೆಗೆ ಅವನನ್ನು ಕಳುಹಿಸಿದವರನ್ನೂ ಹೊಣೆ ಮಾಡುವ ತತ್ತ್ವವನ್ನು ಯಾವ ಸಂಘವೂ ಅಳವಡಿಸಿಕೊಳ್ಳಬಹುದು. ಪ್ರವೇಶ ಶುಲ್ಕದ ಜೊತೆಗೆ ತಂಡದಿಂದ ಠೇವಣಿಯೊಂದನ್ನು ಪಡೆದು, ತೀರ್ಪುಗಾರರ ಮೇಲೆ ಕೈಮಾಡಿದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಅದರ ಒಂದು ರೂಪ.

ಪಂದ್ಯಾವಳಿಯ ಕರಪತ್ರಗಳ ಕೆಳಗೆ ‘ನಿರ್ಣಾಯಕರ ತೀರ್ಮಾನವೇ ಅಂತಿಮ’ ಎಂಬ ಸಾಲು ತಪ್ಪದೆ ಇರುತ್ತದೆ. ಆ ಸಾಲನ್ನು ಅಚ್ಚು ಹಾಕಿಸಿದ ಸಂಘವು, ತೀರ್ಮಾನವನ್ನು ಪ್ರಶ್ನಿಸಿ ಆಟ ನಿಲ್ಲಿಸಿದ ತಂಡವನ್ನು ಹೊರಗಿಡುವ ಬದಲು, ಊಟದ ಹೊತ್ತಾಗುತ್ತದೆ, ಬಹುಮಾನ ಕೊಡುವ ಅತಿಥಿಗಳು ಕಾಯುತ್ತಿದ್ದಾರೆ ಎಂದು ರೆಫರಿಯನ್ನೇ ಬದಲಿಸಿ ಪಂದ್ಯ ಮುಂದುವರಿಸಿದಾಗ ಆಗುವ ಹಾನಿ ದೊಡ್ಡದು. ಆ ರೆಫರಿಗೂ, ಅದನ್ನು ನೋಡುತ್ತ ನಿಂತ ಇಪ್ಪತ್ತರ ಹುಡುಗನಿಗೂ, ಈ ಕೆಲಸಕ್ಕೆ ಇಷ್ಟೇ ಬೆಲೆ ಎಂಬುದು ತಿಳಿದುಹೋಗುತ್ತದೆ. ಸಂಘಟಕರು ಆ ಗಳಿಗೆಯಲ್ಲಿ ಅಂಕಣಕ್ಕೆ ಇಳಿದು ರೆಫರಿಯ ಪಕ್ಕದಲ್ಲಿ ನಿಲ್ಲುವುದಕ್ಕೆ ಹಣ ಬೇಡ, ಸಿದ್ಧತೆ ಬೇಕು. ತೀರ್ಪುಗಾರರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದಕ್ಕಿಂತ ಮೊದಲು ಆಗಬೇಕಾದದ್ದು ಅದು. ಅವರ ಊಟ, ಪ್ರಯಾಣ, ಸಂಭಾವನೆಗಳನ್ನು ಫೈನಲ್ ಮುಗಿಯುವ ತನಕ ಕಾಯಿಸದೆ ಮೊದಲೇ ತೀರಿಸುವುದೂ, ತಡರಾತ್ರಿ ಪಂದ್ಯ ಮುಗಿದ ಮೇಲೆ ಅವರು ಸುರಕ್ಷಿತವಾಗಿ ಬಸ್ಸು ಹತ್ತುವವರೆಗೆ ಇಬ್ಬರು ಜೊತೆಗಿರುವುದೂ ಬೆಂಬಲವೆಂಬ ಮಾತಿನ ಒಳಗೇ ಸೇರುತ್ತವೆ.

ದೂರುಗಳ ವಿಚಾರಣೆಗೂ ವ್ಯವಸ್ಥೆ ಬೇಕು: ತಾಲ್ಲೂಕು ಮಟ್ಟದಲ್ಲಿ ಮೂವರ ಒಂದು ಸಮಿತಿ, ಅದರಲ್ಲಿ ಒಬ್ಬರಾದರೂ ನಿವೃತ್ತ ತೀರ್ಪುಗಾರರು, ಘಟನೆ ನಡೆದು ಎರಡು ವಾರಗಳೊಳಗೆ ವಿಚಾರಣೆ, ಅದರ ಫಲಿತಾಂಶ ದೂರು ಕೊಟ್ಟವರಿಗೆ ಲಿಖಿತವಾಗಿ ತಲುಪುವ ಏರ್ಪಾಡು, ಇವು ಯಾವ ಜಿಲ್ಲಾ ಸಂಸ್ಥೆಯ ಶಕ್ತಿಗೂ ಮೀರಿದ್ದಲ್ಲ. ಇದಕ್ಕಿಂತ ಕಷ್ಟವಾದದ್ದು ಶಿಕ್ಷೆಯನ್ನು ತಾಲ್ಲೂಕಿನ ಗಡಿಯಾಚೆಗೂ ಉಳಿಸುವುದು. ಒಂದು ಊರಿನ ಪಂದ್ಯಾವಳಿಯಲ್ಲಿ ನಿಷೇಧಕ್ಕೊಳಗಾದ ಆಟಗಾರ ಮುಂದಿನ ಶನಿವಾರ ಪಕ್ಕದ ತಾಲ್ಲೂಕಿನಲ್ಲಿ ಬೇರೆ ತಂಡದ ಅಂಗಿ ತೊಟ್ಟು ಅದೇ ರೆಫರಿಯ ಎದುರು ಇಳಿಯುವುದನ್ನು ತಡೆಯಲು, ಎಲ್ಲ ಸಂಘಟಕರೂ ನೋಡಬಹುದಾದ ಒಂದು ದಾಖಲೆ ಬೇಕು, ಮತ್ತು ಒಳ್ಳೆಯ ಆಟಗಾರನನ್ನು ಕಳೆದುಕೊಂಡರೂ ಸರಿ, ಆ ದಾಖಲೆಯನ್ನು ಪಾಲಿಸುತ್ತೇವೆಂಬ ಒಪ್ಪಂದಕ್ಕೆ ಅವರೆಲ್ಲರೂ ಪಂದ್ಯಾವಳಿಯ ಋತು ಆರಂಭವಾಗುವ ಮೊದಲೇ ಸಹಿ ಹಾಕಬೇಕು.